ಅಂತರಪಟ ಸರಿದಾಗ ಮುಖವೇಕೆ ಕಪ್ಪಾಗುತ್ತದೆ? ಫೋನು, ಕ್ಯಾಮೆರಾ ಮತ್ತು ತುಮಕೂರು ಸೀಮೆಯ ವಿಡಿಯೊ ಕೆಲಸ

ತುಮಕೂರಿನ ಯಾವುದೇ ಕಲ್ಯಾಣ ಮಂಟಪಕ್ಕೆ ಲಗ್ನದ ದಿನ ಹೋದರೂ ಈಗ ಎರಡು ತಂಡ ಕಾಣಸಿಗುತ್ತವೆ. ವೇದಿಕೆ ಎದುರು ಟ್ರೈಪಾಡ್ ಊರಿ ನಿಂತ ಸ್ಟುಡಿಯೊದವರು ಒಂದು ಕಡೆ, ಗಿಂಬಲ್‌ಗೆ (ಅಲುಗಾಟ ತಡೆಯುವ ಹಿಡಿಕೆಗೆ) ಫೋನು ಸಿಕ್ಕಿಸಿಕೊಂಡು ಮದುಮಕ್ಕಳ ಸುತ್ತ ಸುಳಿದಾಡುವ ರೀಲ್ಸ್ ಹುಡುಗರು ಇನ್ನೊಂದು ಕಡೆ. ಊಟದ ಪಂಕ್ತಿ ಏಳುವ ಹೊತ್ತಿಗೆ ರೀಲ್ಸ್ ಎಲ್ಲರ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುತ್ತದೆ. ಸ್ಟುಡಿಯೊದ ವಿಡಿಯೊ ಕೈಗೆ ಬರುವುದು ತಿಂಗಳ ಮೇಲೆ. ಹಾಗಾಗಿ ಮುಂದಿನ ಮದುವೆ ಮಾಡುವ ಮನೆಯವರು ಕೇಳುವುದರಲ್ಲಿ ನ್ಯಾಯವಿದೆ: ಫೋನಿನಲ್ಲೇ ಇಷ್ಟು ಚೆನ್ನಾಗಿ ಬರುವಾಗ ಕ್ಯಾಮೆರಾದವರಿಗೆ ಯಾಕೆ ದುಡ್ಡು ಸುರಿಯಬೇಕು? ತಿಪಟೂರಿನಲ್ಲಿ ತೆಂಗಿನ ಬೇಸಾಯದ ಯೂಟ್ಯೂಬ್ ಚಾನೆಲ್ ಶುರು ಮಾಡಲು ಹೊರಟವರೂ, ಹಳ್ಳಿಯ ಪೌರಾಣಿಕ ನಾಟಕ ರೆಕಾರ್ಡ್ ಮಾಡಿಸುವ ಕಲಾ ಸಂಘದವರೂ ಇದನ್ನೇ ಕೇಳುತ್ತಾರೆ.

ಸ್ಟುಡಿಯೊದವರ ಸಿದ್ಧ ಉತ್ತರ ‘ಕ್ವಾಲಿಟಿ’. ಅದು ಈಗ ಅರ್ಧ ಮಾತ್ರ ನಿಜ. ಹಗಲು ಬೆಳಕಿನಲ್ಲಿ ಒಂದು ಒಳ್ಳೆಯ ಫೋನಿನ 4ಕೆ ವಿಡಿಯೊವನ್ನೂ ಲೆನ್ಸ್ ಬದಲಿಸಬಹುದಾದ ಮಿರರ್‌ಲೆಸ್ ಕ್ಯಾಮೆರಾದ 4ಕೆ ವಿಡಿಯೊವನ್ನೂ ಯೂಟ್ಯೂಬಿಗೆ ಹಾಕಿ, ಮೊಬೈಲ್ ಪರದೆಯಲ್ಲಿ ನೋಡಿದರೆ ಯಾವುದು ಯಾವುದೆಂದು ಹೇಳುವುದು ಕಸುಬಿನವರಿಗೂ ಕಷ್ಟ. ಫೋನು ಸೋಲುವ ಜಾಗ ಬೇರೆ. ಎಷ್ಟು ಬೆಳಕು ಬಿಡಬೇಕು, ಯಾರ ಮೇಲೆ ಫೋಕಸ್ ಕೂರಬೇಕು, ಬಣ್ಣ ಎಷ್ಟು ಹಳದಿ ಇರಬೇಕು, ಸದ್ದನ್ನು ಎಷ್ಟು ಏರಿಸಬೇಕು ಎಂಬುದನ್ನೆಲ್ಲ ಅದು ನಮ್ಮನ್ನು ಕೇಳದೆ, ಕ್ಷಣಕ್ಷಣಕ್ಕೂ ತಾನೇ ತೀರ್ಮಾನಿಸುತ್ತಿರುತ್ತದೆ. ತೋಟದ ಬಿಸಿಲಿನಲ್ಲಿ ಆ ತೀರ್ಮಾನಗಳು ಬಹುಪಾಲು ಸರಿಯಾಗಿರುತ್ತವೆ. ಛತ್ರದೊಳಗೆ, ರಾತ್ರಿಯ ರಂಗಮಂಚದ ಮುಂದೆ ತಪ್ಪುತ್ತವೆ. ದುಡ್ಡು ಕೊಡುವುದೇ ಆದರೆ ಆ ತೀರ್ಮಾನಗಳನ್ನು ತಮ್ಮ ಕೈಗೆ ತೆಗೆದುಕೊಳ್ಳಬಲ್ಲವರಿಗೆ ಕೊಡಬೇಕು. ಕ್ಯಾಮೆರಾದ ಗಾತ್ರ ನೋಡಿ ಕೊಡುವುದರಲ್ಲಿ ಅರ್ಥವಿಲ್ಲ.

ಅಂತರಪಟದ ಹೊತ್ತು

ಮುಹೂರ್ತದ ವಿಡಿಯೊಗಳಲ್ಲಿ ಪದೇ ಪದೇ ಕಾಣುವ ದೋಷ ಇದು. ವಧು-ವರರ ನಡುವೆ ಬಿಳಿ ಅಂತರಪಟ ಹಿಡಿದಿರುತ್ತಾರೆ. ಫ್ರೇಮಿನ ಅರ್ಧಕ್ಕಿಂತ ಹೆಚ್ಚು ಜಾಗ ಆ ಬಿಳಿ ಬಟ್ಟೆಯದೇ. ಮುಖ ಹುಡುಕುವ ಫೋನಿಗೆ ಮುಖ ಸಿಗುವುದಿಲ್ಲ. ಬಿಳುಪು ಮಾತ್ರ ಕಾಣುತ್ತದೆ. ಬೆಳಕು ಜಾಸ್ತಿಯಾಯಿತೆಂದು ಅದು ಎಕ್ಸ್‌ಪೋಷರ್ ಇಳಿಸುತ್ತದೆ. ಪಟ ಸರಿದದ್ದೇ ತಡ, ಜೀರಿಗೆ-ಬೆಲ್ಲ ಹಾರುವ ಆ ಒಂದೆರಡು ಸೆಕೆಂಡು ಎರಡೂ ಮುಖ ಕಪ್ಪು. ಬೆಳಕು ಥಟ್ಟನೆ ಜಿಗಿದರೆ ಅಸಹ್ಯವಾಗಿ ಕಾಣುತ್ತದೆಂದು ಫೋನು ನಿಧಾನವಾಗಿ ಏರಿಸುತ್ತದೆ. ಮುಖ ಬೆಳಗುವಷ್ಟರಲ್ಲಿ ಜೀರಿಗೆ-ಬೆಲ್ಲ ತಲೆಯ ಮೇಲಿರುತ್ತದೆ, ಇಬ್ಬರ ನಗು ಮುಗಿದಿರುತ್ತದೆ.

ಲಕ್ಷ ರೂಪಾಯಿಯ ಕ್ಯಾಮೆರಾ ಆಟೊದಲ್ಲಿದ್ದರೂ ಇದೇ ಕಥೆ. ವ್ಯತ್ಯಾಸವೆಂದರೆ ಕಸುಬು ಗೊತ್ತಿರುವ ಕ್ಯಾಮೆರಾಮನ್ ಪಟ ಹಿಡಿಯುವ ಮೊದಲೇ ಮದುಮಗಳ ಮುಖಕ್ಕೆ ಶಟರ್ (ಒಂದು ಫ್ರೇಮಿಗೆ ಬೆಳಕು ಬೀಳುವ ಹೊತ್ತು), ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ), ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಮೂರನ್ನೂ ಮ್ಯಾನುಯಲ್‌ನಲ್ಲಿ ಕೂರಿಸಿಕೊಂಡಿರುತ್ತಾನೆ. ಪಟ ಒಂದಿಷ್ಟು ಬೆಳ್ಳಗಾಗಿ ಉರಿದರೆ ಉರಿಯಲಿ, ಮುಖ ಕೆಡಬಾರದು ಎಂಬ ಲೆಕ್ಕ.

ಫೋನಿನಲ್ಲೂ ಇದು ಸಾಧ್ಯ, ಆದರೆ ಮುಂಚೆಯೇ ಮಾಡಬೇಕು. ಐಫೋನಿನಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಮೇಲ್ಗಡೆ ಹಳದಿ ಪಟ್ಟಿಯಲ್ಲಿ ಎಇ/ಎಎಫ್ ಲಾಕ್ ಎಂದು ಬರುತ್ತದೆ, ಅಂದರೆ ಬೆಳಕಿನ ಮಟ್ಟವೂ ಫೋಕಸ್ಸೂ ಅಲ್ಲೇ ನಿಂತವು. ಆಮೇಲೆ ಪಕ್ಕದ ಸೂರ್ಯನ ಗುರುತನ್ನು ಸ್ವಲ್ಪ ಕೆಳಕ್ಕೆಳೆದು ಬೆಳಕು ತುಸು ತಗ್ಗಿಸಬೇಕು, ಏಕೆಂದರೆ ವೇದಿಕೆಯ ಫೋಕಸ್ ಲೈಟಿಗೆ ಹಣೆ, ಮೂಗುಬೊಟ್ಟು ಬೇಗ ಬಿಳುಚುತ್ತವೆ. ಸ್ಯಾಮ್‌ಸಂಗ್‌ನ ಮೇಲ್ದರ್ಜೆಯ ಫೋನುಗಳಲ್ಲಿ ಪ್ರೊ ವಿಡಿಯೊ ಮೋಡ್ ಇದೆ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಐಫೋನಿಗೆ 2023ರಲ್ಲಿ, ಆಂಡ್ರಾಯ್ಡ್‌ಗೆ 2024ರಲ್ಲಿ ಉಚಿತವಾಗಿ ಬಂತು. ಅದರಲ್ಲಿ ಶಟರ್, ಐಎಸ್‌ಒ, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಬಿಡಿಬಿಡಿಯಾಗಿ ಕಟ್ಟಿಹಾಕಬಹುದು. ಎಇ/ಎಎಫ್ ಲಾಕ್ ಮಾಡಿದಾಗ ಫೋಕಸ್ ಕೂಡ ಆ ದೂರಕ್ಕೇ ಸಿಕ್ಕಿಕೊಳ್ಳುತ್ತದೆ ಎಂಬುದು ನೆನಪಿರಲಿ. ಲಾಕ್ ಮಾಡಿ ಎರಡು ಹೆಜ್ಜೆ ಮುಂದೆ ಹೋದರೆ ಮುಖ ಮಸುಕು. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಲಾಕ್ ಕ್ಯಾಮೆರಾ, ಲಾಕ್ ವೈಟ್ ಬ್ಯಾಲೆನ್ಸ್ ಎಂಬ ಎರಡು ಸ್ವಿಚ್ಚುಗಳಿವೆ. ಮೊದಲನೆಯದು ಆಫ್ ಇದ್ದರೆ ಶೂಟ್ ನಡುವೆಯೇ ಫೋನು ಒಂದು ಲೆನ್ಸಿನಿಂದ ಇನ್ನೊಂದಕ್ಕೆ ಹಾರಿ, ಚಿತ್ರ ಎಗರಿದಂತೆ ಕಾಣುತ್ತದೆ. ಎರಡನೆಯದು ಆಫ್ ಇದ್ದರೆ ಅರಿಸಿನದ ಸೀರೆ ಫ್ರೇಮಿಗೆ ಬಂದಾಗಲೆಲ್ಲ ಹಿಂದಿನ ಗೋಡೆ ನೀಲಿಗೆ ತಿರುಗುತ್ತದೆ.

ತೋಟದಲ್ಲಿ ಫೋನೇ ಸಾಕು

ತಿಪಟೂರು, ಗುಬ್ಬಿ, ತುರುವೇಕೆರೆ ಕಡೆಯ ತೆಂಗಿನ ತೋಟದಲ್ಲಿ ನಿಂತು ಗೊಬ್ಬರದ ಬಗ್ಗೆಯೋ ನುಸಿ ರೋಗದ ಬಗ್ಗೆಯೋ ಐದು ನಿಮಿಷ ಮಾತಾಡುವ ವಿಡಿಯೊಗೆ ಕ್ಯಾಮೆರಾ ಕೊಳ್ಳುವುದು ದಂಡ. ಬೆಳಕು ಬೇಕಾದಷ್ಟಿದೆ, ಮಾತಾಡುವವರು ಎರಡು ಮಾರು ದೂರದಲ್ಲಿದ್ದಾರೆ, ನೋಡುವವರು ಫೋನಿನಲ್ಲೇ ನೋಡುತ್ತಾರೆ. ಇಲ್ಲಿ ಕೆಡುವುದು ಬೇರೆ ಮೂರು ಸಂಗತಿ.

ಒಂದು, ತೋಟದ ಬೆಳಕು. ಗರಿಗಳ ಸಂದಿನಿಂದ ಬಿದ್ದ ಬಿಸಿಲು ಮುಖದ ಮೇಲೆ ಚುಕ್ಕೆಚುಕ್ಕೆಯಾಗಿ ಕೂರುತ್ತದೆ. ಬಿಸಿಲ ಚುಕ್ಕೆಗೂ ಪಕ್ಕದ ನೆರಳಿಗೂ ಇರುವ ಅಂತರವನ್ನು ಫೋನು ಎಚ್‌ಡಿಆರ್ ಲೆಕ್ಕಾಚಾರದಲ್ಲಿ ಸಮ ಮಾಡಲು ಹೋಗಿ ಮುಖವನ್ನು ಬೂದಿ ಬಳಿದಂತೆ ಮಾಡುತ್ತದೆ. ದುಬಾರಿ ಕ್ಯಾಮೆರಾ ತಂದರೂ ಚುಕ್ಕೆ ಹೋಗುವುದಿಲ್ಲ. ತೋಟದ ಅಂಚಿಗೆ ಬಂದು, ಪೂರ್ತಿ ನೆರಳಿನಲ್ಲಿ, ಬಯಲಿನ ಕಡೆ ಮುಖ ಮಾಡಿ ನಿಂತರೆ ಹೋಗುತ್ತದೆ.

ಎರಡು, ಗರಿಗಳೇ. ಗಾಳಿಗೆ ಅಲುಗುವ ತೆಂಗಿನ ಗರಿಯಷ್ಟು ವಿಡಿಯೊ ಫೈಲನ್ನು ಗೋಳಾಡಿಸುವ ವಸ್ತು ಇನ್ನೊಂದಿಲ್ಲ. ಹಿಂದಿನ ಫ್ರೇಮಿಗೂ ಇಂದಿನ ಫ್ರೇಮಿಗೂ ಏನು ಬದಲಾಯಿತೋ ಅಷ್ಟನ್ನೇ ಬರೆದಿಟ್ಟು ಫೈಲನ್ನು ಚಿಕ್ಕದು ಮಾಡುವುದು ಎಚ್.264, ಎಚ್‌ಇವಿಸಿ ಎಂಬ ವಿಡಿಯೊ ಕುಗ್ಗಿಸುವ ಎರಡು ವಿಧಾನಗಳ ಗುಟ್ಟು. ಸಾವಿರ ಗರಿಸೀಳುಗಳು ಒಟ್ಟಿಗೆ ಅಲುಗಿದರೆ ಎಲ್ಲವೂ ಬದಲಾದ ಹಾಗೆ. ಇರುವ ಬಿಟ್‌ರೇಟ್ (ಸೆಕೆಂಡಿಗೆ ಬರೆಯುವ ಡೇಟಾ) ಸಾಲದೆ ಹಸಿರು ಕಲಸಿಹೋಗುತ್ತದೆ, ಅದರ ಪೆಟ್ಟು ಮುಖಕ್ಕೂ ತಾಗುತ್ತದೆ. ಅಂತಿಮ ವಿಡಿಯೊ 1080 (ಫುಲ್ ಎಚ್‌ಡಿ) ಆದರೂ ಶೂಟ್ 4ಕೆಯಲ್ಲೇ ಮಾಡುವುದಕ್ಕೆ ಇದೂ ಒಂದು ಕಾರಣ. ಐಫೋನಿನ ಹೈ ಎಫಿಷಿಯನ್ಸಿ ಮೋಡ್‌ನಲ್ಲಿ 4ಕೆ, ಸೆಕೆಂಡಿಗೆ 30 ಫ್ರೇಮಿನ ವಿಡಿಯೊ ನಿಮಿಷಕ್ಕೆ ಸುಮಾರು 170 ಎಂಬಿ ತಿನ್ನುತ್ತದೆ, 1080 ಆದರೆ 60 ಎಂಬಿ. ಹೀಗೆ ಕಷ್ಟಪಟ್ಟು ತೆಗೆದದ್ದನ್ನು ಎಡಿಟರ್‌ಗೆ ವಾಟ್ಸ್‌ಆ್ಯಪ್ ವಿಡಿಯೊ ಆಗಿ ಕಳಿಸಿದರೆ ಅಲ್ಲಿಗೆ ಮುಗಿಯಿತು. ಡಾಕ್ಯುಮೆಂಟ್ ಆಗಿ ಕಳಿಸಿದರೆ 2 ಜಿಬಿವರೆಗೆ ಇದ್ದದ್ದು ಇದ್ದ ಹಾಗೇ ಹೋಗುತ್ತದೆ.

ಮೂರು, ಬಿಸಿಲು. ಫೋನಿನ ಮುಖ್ಯ ಲೆನ್ಸು ಸಾಮಾನ್ಯವಾಗಿ ಎಫ್ 1.8 ಆಸುಪಾಸು (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ಅಗಲ), ಅದನ್ನು ಕಿರಿದು ಮಾಡಲು ಬಾರದು. ನೆತ್ತಿ ಬಿಸಿಲಿನಲ್ಲಿ ಐಎಸ್‌ಒ 50ಕ್ಕಿಳಿದರೂ ಶಟರ್ 1/4000ದ ಹತ್ತಿರ ಹೋಗಬೇಕಾಗುತ್ತದೆ. ಆಗ ಒಂದೊಂದು ಫ್ರೇಮೂ ಚಾಕುವಿನಲ್ಲಿ ಕೊಯ್ದಷ್ಟು ಚೂಪು. ಮರ ಹತ್ತುವವನ ಕೈಕಾಲು, ಟ್ರ್ಯಾಕ್ಟರ್ ಚಕ್ರ ತಡೆತಡೆದು ಚಲಿಸಿದಂತೆ ಕಾಣುತ್ತವೆ. ಸೆಕೆಂಡಿಗೆ 25 ಫ್ರೇಮಾದರೆ 1/50 ಶಟರ್ ಕಣ್ಣಿಗೆ ಹಿತ. ಅಲ್ಲಿಗೆ ಇಳಿಸಲು ಎನ್‌ಡಿ 64 ಫಿಲ್ಟರ್ (ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು) ಬೇಕು, ಅಂದರೆ ಆರು ಸ್ಟಾಪ್ ಕತ್ತಲು; ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕಿಳಿಯುತ್ತದೆ. ನಿಂತು ಮಾತಾಡುವ ವಿಡಿಯೊಗೆ ಈ ತಲೆನೋವು ಬೇಡವೇ ಬೇಡ. ಇನ್ನು ಕಾವು: ಐಫೋನು 35 ಡಿಗ್ರಿ ಸೆಲ್ಸಿಯಸ್‌ವರೆಗಿನ ವಾತಾವರಣಕ್ಕೆಂದು ಮಾಡಿದ್ದು. ಏಪ್ರಿಲ್‌ನಲ್ಲಿ ಪಾವಗಡ, ಶಿರಾ ಕಡೆ ಅದನ್ನು ದಾಟುವುದು ದಿನದ ಮಾತು. ಮೊದಲು ಪರದೆ ಮಂಕಾಗುತ್ತದೆ, ಆಮೇಲೆ ಫ್ರೇಮು ತಪ್ಪುತ್ತದೆ, ಕೊನೆಗೆ ರೆಕಾರ್ಡಿಂಗ್ ನಿಲ್ಲುತ್ತದೆ. ಕವರ್ ಕಳಚಿ, ಶಾಟ್‌ಗಳ ನಡುವೆ ನೆರಳಲ್ಲಿಡಿ. ಪವರ್ ಬ್ಯಾಂಕ್ ಚುಚ್ಚಿಕೊಂಡು ಶೂಟ್ ಮಾಡಿದರೆ ಕಾವು ಇನ್ನೂ ಬೇಗ ಏರುತ್ತದೆ.

ಹೊಸ ಕ್ಯಾಮೆರಾ, ಹಳೆಯ ಫೋನಿಗಿಂತ ಕಳಪೆ?

ಅರವತ್ತು-ಎಪ್ಪತ್ತು ಸಾವಿರ ಕೊಟ್ಟು ಮಿರರ್‌ಲೆಸ್ ಕ್ಯಾಮೆರಾ ತಂದು, ಮೊದಲ ಆರತಕ್ಷತೆ ಶೂಟ್ ಮಾಡಿ, ‘ನನ್ನ ಫೋನೇ ಇದಕ್ಕಿಂತ ವಾಸಿಯಾಗಿತ್ತು’ ಎಂದು ಕೈಚೆಲ್ಲುವವರು ಬಹಳ. ಅವರ ಕಣ್ಣು ಸುಳ್ಳು ಹೇಳುತ್ತಿಲ್ಲ. ಲೆಕ್ಕ ಹಾಕಿದರೆ ತಿಳಿಯುತ್ತದೆ.

ಬೆಳಕು ಹಿಡಿಯುವ ಚಿಪ್ಪೇ ಸೆನ್ಸರ್. ದೊಡ್ಡ ಕ್ಯಾಮೆರಾಗಳ ಫುಲ್‌ಫ್ರೇಮ್ ಸೆನ್ಸರ್ 36×24 ಮಿ.ಮೀ., ಅಂದರೆ 864 ಚದರ ಮಿ.ಮೀ. ಈ ದರದ ಕ್ಯಾಮೆರಾಗಳಲ್ಲಿರುವ ಎಪಿಎಸ್-ಸಿ ಸೆನ್ಸರ್ ಸುಮಾರು 366. ಮೇಲ್ದರ್ಜೆ ಫೋನಿನ 1/1.3 ಇಂಚಿನ ಸೆನ್ಸರ್ ಸುಮಾರು 72. ಅಂದರೆ ಎಪಿಎಸ್-ಸಿ ಕ್ಯಾಮೆರಾದ ಸೆನ್ಸರು ಫೋನಿನದಕ್ಕಿಂತ ಐದು ಪಟ್ಟು ದೊಡ್ಡದು. ಅಂಗಡಿಯವರು ಇಲ್ಲಿಗೇ ಮಾತು ನಿಲ್ಲಿಸುತ್ತಾರೆ. ಆದರೆ ಕೊಡ ದೊಡ್ಡದಿದ್ದು ನಲ್ಲಿ ಸಣ್ಣದಿದ್ದರೆ ನೀರು ಬೇಗ ತುಂಬೀತೆ? ಕ್ಯಾಮೆರಾದ ಜೊತೆ ಬರುವ ಕಿಟ್ ಲೆನ್ಸು ಜೂಮ್ ಮಾಡಿದಾಗ ಎಫ್ 5.6ಕ್ಕೆ ಕುಗ್ಗುತ್ತದೆ. ಎಫ್ 1.8 ಲೆನ್ಸಿಗೆ ಹೋಲಿಸಿದರೆ ಸೆನ್ಸರಿನ ಪ್ರತಿ ಚದರ ಮಿ.ಮೀ.ಗೆ ಬೀಳುವ ಬೆಳಕು ಹತ್ತರಲ್ಲಿ ಒಂದು ಪಾಲು. ಸೆನ್ಸರ್‌ನಿಂದ ಐದು ಪಟ್ಟು ಗಳಿಸಿ, ಲೆನ್ಸ್‌ನಿಂದ ಹತ್ತು ಪಟ್ಟು ಕಳೆದರೆ ಒಟ್ಟಾರೆ ಫೋನಿನ ಮುಖ್ಯ ಕ್ಯಾಮೆರಾಗೇ ಎರಡು ಪಟ್ಟು ಬೆಳಕು. ಸಾಲದ್ದಕ್ಕೆ ಫೋನು ಕಾಳುಕಾಳಾದ ನಾಯ್ಸನ್ನು ಒರೆಸಿಯೂ ಕೊಡುತ್ತದೆ. ಕ್ಯಾಮೆರಾ ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ.

ಅದೇ ಕ್ಯಾಮೆರಾಗೆ ಎಫ್ 1.8ರ 35 ಅಥವಾ 50 ಮಿ.ಮೀ. ಪ್ರೈಮ್ (ಜೂಮ್ ಇಲ್ಲದ) ಲೆನ್ಸು ಹಾಕಿ ನೋಡಿ. ಈಗ ಐದು ಪಟ್ಟು ಬೆಳಕು ಪೂರ್ತಿ ಕ್ಯಾಮೆರಾದ್ದೇ. ಜರಿಯ ಎಳೆ, ಮುಂಗುರುಳು, ಮಲ್ಲಿಗೆಯ ಎಸಳು ಬಿಡಿಬಿಡಿಯಾಗಿ ನಿಲ್ಲುತ್ತವೆ. ಫೋನಿನಲ್ಲಿ ಅವು ಮೇಣ ಸವರಿದಂತೆ ಕೂಡಿಹೋಗಿರುತ್ತವೆ. ಆದ್ದರಿಂದ ಕ್ಯಾಮೆರಾ ಬಾಡಿಯ ಮೇಲೆ 80 ಸಾವಿರ ಸುರಿದು ಕಿಟ್ ಲೆನ್ಸಿನಲ್ಲೇ ಉಳಿಯುವುದಕ್ಕಿಂತ, ಹಳೆಯ ಮಾಡೆಲ್ ಬಾಡಿ ಕೊಂಡು ಒಂದು ಒಳ್ಳೆಯ ಲೆನ್ಸಿಗೆ ದುಡ್ಡು ಹಾಕುವುದೇ ಬುದ್ಧಿವಂತಿಕೆ. ಲೆನ್ಸು ಹತ್ತು ವರ್ಷ ಬಾಳುತ್ತದೆ.

ಬಯಲು ಬೆಳಕಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಫೋನಿನ ಅಲುಗಾಟ ತಡೆಯುವ ತಂತ್ರವೂ ಕತ್ತಲಲ್ಲಿ ಕೈಕೊಡುತ್ತದೆ. ಅದು ಫ್ರೇಮಿನ ಜಾಗವನ್ನು ಸರಿದೂಗಿಸಬಲ್ಲದೇ ಹೊರತು, ಶಟರ್ ನಿಧಾನವಾದಾಗ ಆ ಫ್ರೇಮಿನೊಳಗೇ ಆಗಿರುವ ಮಸುಕನ್ನು ಅಳಿಸಲಾರದು. ದಿಬ್ಬಣದ ಜೊತೆ ನಡೆಯುತ್ತ ತೆಗೆದ ರಾತ್ರಿ ವಿಡಿಯೊದಲ್ಲಿ ಚಿತ್ರ ನಿಂತಲ್ಲೇ ನಡುಗಿದಂತೆ ಕಾಣುವುದು ಇದರಿಂದ. ಗಿಂಬಲ್ ಇದ್ದರೆ ಫೋನಿನ ಈ ಸೌಲಭ್ಯವನ್ನು ಕತ್ತಲಲ್ಲಿ ಆಫ್ ಮಾಡಿ.

ಪಟ್ಟಿ ಬೀಳುವ ಲೈಟು, ಜನರೇಟರ್

ನಮ್ಮ ಕರೆಂಟು 50 ಹರ್ಟ್ಸ್. ಹಳೆಯ ಚೋಕಿನ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಬಲ್ಬು, ಸೀರಿಯಲ್ ಸೆಟ್ಟು ಸೆಕೆಂಡಿಗೆ 100 ಸಲ ಹತ್ತಿ ಆರುತ್ತಿರುತ್ತವೆ. ಶಟರ್ 1/50 ಅಥವಾ 1/100 ಇದ್ದರೆ ಪ್ರತಿ ಫ್ರೇಮಿಗೂ ಪೂರ್ತಿ ಮಿಡಿತ ಸಿಗುತ್ತದೆ. 1/60 ಆದರೆ ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ. ಕಪ್ಪು ಪಟ್ಟಿಗಳು ಮೇಲಿಂದ ಕೆಳಕ್ಕೆ ಹರಿಯುತ್ತವೆ. ಫ್ರೇಮ್‌ರೇಟ್ 25 ಇರಲಿ, 30 ಇರಲಿ, ಶಟರ್ ಮಾತ್ರ ಈ ಎರಡರಲ್ಲೊಂದು ಇರಬೇಕು. ಸೆಕೆಂಡಿಗೆ 60 ಫ್ರೇಮಾದರೆ 1/100 ಒಂದೇ ದಾರಿ. 120 ಫ್ರೇಮಿನ ಸ್ಲೋಮೋಷನ್‌ನಲ್ಲಿ 1/100 ಸಾಧ್ಯವೇ ಇಲ್ಲ, ಹಾಗಾಗಿ ಸೀರಿಯಲ್ ಸೆಟ್ಟಿನ ಮುಂದೆ ಅಕ್ಷತೆ ಹಾರುವ ಸ್ಲೋಮೋಷನ್ ಮಿಣುಕುವುದು ಖಚಿತ. 100 ಫ್ರೇಮ್ ಕೊಡುವ ಕ್ಯಾಮೆರಾ ಇದ್ದವರು ಪಾರಾಗುತ್ತಾರೆ.

ಇಷ್ಟೆಲ್ಲ ಸರಿ ಮಾಡಿಕೊಂಡಾಗಲೇ ಕರೆಂಟು ಹೋಗುತ್ತದೆ! ಛತ್ರದ ಜನರೇಟರ್ ಶುರುವಾಗುತ್ತದೆ. ಲೋಡು ಏರಿಳಿದಂತೆ ಸಣ್ಣ ಜನರೇಟರಿನ ವೇಗವೂ ಏರಿಳಿದು, 50 ಹರ್ಟ್ಸ್ ಹೋಗಿ 48, 52 ಆಗುತ್ತದೆ. 1/50ರಲ್ಲೂ ಪಟ್ಟಿ ತೆಳುವಾಗಿ ಮರಳಿ ಬರುತ್ತದೆ. ಶಟರನ್ನು ಹತ್ತನೇ ಒಂದಂಶದಷ್ಟು ಸೂಕ್ಷ್ಮವಾಗಿ ತಿರುಗಿಸುವ ಸೌಲಭ್ಯ ಕೆಲವು ಕ್ಯಾಮೆರಾಗಳಲ್ಲಿದೆ, ಪಟ್ಟಿ ನಿಲ್ಲುವವರೆಗೆ ಅದನ್ನು ಹೊಂದಿಸಬಹುದು. ಫೋನಿನವರಿಗೆ ಇರುವ ಉಪಾಯವೆಂದರೆ ಬ್ಯಾಟರಿಯಲ್ಲಿ ಉರಿಯುವ ಒಂದು ಒಳ್ಳೆಯ ವಿಡಿಯೊ ಲೈಟನ್ನು ಮುಖಕ್ಕೆ ಬಿಟ್ಟು, ಮಿಣುಕುವ ಬೆಳಕಿನ ಪಾಲನ್ನು ಕಡಿಮೆ ಮಾಡುವುದು. ವೇದಿಕೆ ಹಿಂದೆ ಎಲ್‌ಇಡಿ ಗೋಡೆ ಹಾಕಿಸಿದ್ದರೆ ಮದುಮಕ್ಕಳನ್ನು ಅದರಿಂದ ಆದಷ್ಟು ಮುಂದಕ್ಕೆ ಕೂರಿಸಬೇಕು. ಗೋಡೆ ಫೋಕಸ್‌ನಲ್ಲಿದ್ದರೆ ಅದರ ಚುಕ್ಕೆಗಳೂ ಸೆನ್ಸರಿನ ಚುಕ್ಕೆಗಳೂ ಬೆರೆತು ಕಾಮನಬಿಲ್ಲಿನಂಥ ಅಲೆ ಏಳುತ್ತದೆ. ಒತ್ತು ನೇಯ್ಗೆಯ ರೇಷ್ಮೆ ಸೀರೆಯಲ್ಲೂ ಒಮ್ಮೊಮ್ಮೆ ಇದೇ ಕಾಟ. ಅರ್ಧ ಹೆಜ್ಜೆ ಹಿಂದೆ ಸರಿದರೆ ಹೋಗುತ್ತದೆ.

ರಾತ್ರಿಯಿಡೀ ನಾಟಕ

1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ಇದು. ಹಳ್ಳಿಗಳಲ್ಲಿ ಇಂದಿಗೂ ಪೌರಾಣಿಕ ನಾಟಕ ರಾತ್ರಿ ಒಂಬತ್ತು-ಹತ್ತಕ್ಕೆ ಶುರುವಾದರೆ ಮುಗಿಯುವುದು ಬೆಳಗಿನ ಜಾವಕ್ಕೆ. ಫೋನೇ ಸಾಕು ಎಂಬ ವಾದ ಪೂರ್ತಿ ಬಿದ್ದುಹೋಗುವುದು ಇಲ್ಲಿ, ಅದಕ್ಕೆ ಮುಖ್ಯ ಕಾರಣ ದೂರ.

ಪ್ರೇಕ್ಷಕರ ತಲೆ ಅಡ್ಡ ಬಾರದಂತೆ ನಿಲ್ಲಬೇಕೆಂದರೆ ರಂಗದಿಂದ 15 ಮೀಟರಾದರೂ ಹಿಂದೆ ಹೋಗಬೇಕು. ಒಂದು ಸರಳ ಲೆಕ್ಕವಿದೆ: ದೂರವನ್ನು 36ರಿಂದ ಗುಣಿಸಿ, ಫುಲ್‌ಫ್ರೇಮ್ ಲೆಕ್ಕದ ಫೋಕಲ್ ಲೆಂಗ್ತಿನಿಂದ (ಲೆನ್ಸು ದೂರದ್ದನ್ನು ಎಷ್ಟು ಹತ್ತಿರ ತರುತ್ತದೆಂಬ ಮಿ.ಮೀ. ಅಳತೆಯಿಂದ) ಭಾಗಿಸಿದರೆ ಫ್ರೇಮಿಗೆ ಸಿಗುವ ಅಗಲ ಬರುತ್ತದೆ. ಫೋನಿನ ಮುಖ್ಯ ಲೆನ್ಸು 24 ಮಿ.ಮೀ. ಎಂದಿಟ್ಟುಕೊಂಡರೆ 15 ಮೀಟರಿನಿಂದ ಇಪ್ಪತ್ತೆರಡೂವರೆ ಮೀಟರ್ ಅಗಲ ಕಾಣುತ್ತದೆ. ಮೂವತ್ತು ಅಡಿಯ ರಂಗ ಅದರ ಅರ್ಧವೂ ಆಗುವುದಿಲ್ಲ. ಉಳಿದದ್ದು ಶಾಮಿಯಾನ, ಕತ್ತಲು. ದುರ್ಯೋಧನ-ಶಕುನಿ ಇಬ್ಬರನ್ನೇ ಮೂರು ಮೀಟರಿನ ಫ್ರೇಮಿಗೆ ತರಲು 180 ಮಿ.ಮೀ. ಬೇಕು. ಫೋನಿನ 5 ಪಟ್ಟು ಜೂಮ್ ಎಂದರೆ 120 ಮಿ.ಮೀ., ಅದರ ಸೆನ್ಸರೂ ಚಿಕ್ಕದು. ಬೆಳಕು ಸಾಲದಾಗ ಅನೇಕ ಫೋನುಗಳು ಗುಟ್ಟಾಗಿ ಆ ಲೆನ್ಸನ್ನು ಬಿಟ್ಟು, ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸಿ ಕೊಡುತ್ತವೆ. ಕಿರೀಟದ ಕನ್ನಡಿ ಚೂರು, ಮೀಸೆ, ಕಣ್ಣು ಎಲ್ಲ ಸೇರಿ ಒಂದೇ ಗಸಿ. ಎಪಿಎಸ್-ಸಿ ಕ್ಯಾಮೆರಾಗೆ 70-200 ಲೆನ್ಸ್ ಹಾಕಿದರೆ 105ರಿಂದ 300 ಮಿ.ಮೀ.ವರೆಗೆ ಕೈಯಲ್ಲಿರುತ್ತದೆ.

ಆದರೂ ನಾಟಕಕ್ಕೆ ಇವೆರಡಕ್ಕಿಂತ ಹೊಂದುವುದು ಈಗ ಯಾರೂ ಕೇಳದ ಕ್ಯಾಮ್‌ಕಾರ್ಡರ್. ಒಂದಿಂಚಿನ ಸೆನ್ಸರ್, ಬೆರಳಲ್ಲಿ ನಿಧಾನವಾಗಿ ಒತ್ತಿದರೆ ಎಣ್ಣೆಯಂತೆ ಸರಿಯುವ ಪವರ್ ಜೂಮ್, ಒಂದು ಕಾರ್ಡು ತುಂಬಿದರೆ ನಿಲ್ಲದೆ ಇನ್ನೊಂದಕ್ಕೆ ದಾಟುವ ಎರಡು ಸ್ಲಾಟ್, ಮೈಕ್‌ಸೆಟ್‌ನಿಂದ ನೇರ ವೈರು ಎಳೆದುಕೊಳ್ಳಲು ಎಕ್ಸ್‌ಎಲ್‌ಆರ್ ಕಿಂಡಿ, ಕರೆಂಟಿಗೆ ಚುಚ್ಚಿ ರಾತ್ರಿಯಿಡೀ ಓಡಿಸುವ ಅನುಕೂಲ. ಸೋನಿಯ ಜೆಡ್90ಯಂಥವು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೆ ಕಲಾ ಸಂಘಗಳು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಹಳೆಯ ಡಿಎಸ್‌ಎಲ್‌ಆರ್‌ಗಳದ್ದು ಬೇರೆ ತೊಂದರೆ: 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಲ್ಲುತ್ತವೆ. ಅರ್ಧ ಗಂಟೆ ದಾಟಿದರೆ ಯುರೋಪಿನ ಸುಂಕದ ಪಟ್ಟಿಯಲ್ಲಿ ಅವು ವಿಡಿಯೊ ಕ್ಯಾಮೆರಾ ಎನಿಸಿ ತೆರಿಗೆ ಏರುತ್ತಿತ್ತೆಂದು ಕಂಪನಿಗಳೇ ಹಾಕಿದ್ದ ಬೇಲಿ ಅದು. ಕಂದಪದ್ಯದ ನಡುವೆ ಕ್ಯಾಮೆರಾ ನಿಂತದ್ದು ಗೊತ್ತಾಗುವುದು ಮುಂದಿನ ಸೀನಿಗೆ.

1080 ವಿಡಿಯೊವನ್ನು 50 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 50 ಮೆಗಾಬಿಟ್, ಅಂದರೆ ಆರು ಎಂಬಿ ಚಿಲ್ಲರೆ) ತೆಗೆದರೆ ಗಂಟೆಗೆ ಇಪ್ಪತ್ತೆರಡೂವರೆ ಜಿಬಿ, ಎಂಟು ಗಂಟೆಗೆ 180. 128 ಜಿಬಿಯ ಎರಡು ಕಾರ್ಡು ಸಾಕು. ಕಾರ್ಡಿನ ಮೇಲೆ ವಿ30 ಎಂದಿರಲಿ. ಅದು ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುವ ಭರವಸೆ, ಇಲ್ಲಿ ಬೇಕಿರುವುದು ಆರು ಚಿಲ್ಲರೆ. ರಂಗದ ಕೆಂಪು, ನೀಲಿ ಲೈಟಿಗೆ ಆಟೊ ವೈಟ್ ಬ್ಯಾಲೆನ್ಸ್ ಹುಚ್ಚೆದ್ದು ಕುಣಿಯುತ್ತದೆ, 4500 ಕೆಲ್ವಿನ್ ಆಸುಪಾಸಿಗೆ ಕಟ್ಟಿಹಾಕಿ. ಒಂದೇ ಬಣ್ಣದ ಗಾಢ ಬೆಳಕಿನಲ್ಲಿ ಆ ಒಂದು ಬಣ್ಣ ಮಾತ್ರ ತುಂಬಿ ತುಳುಕಿ ಮುಖದ ವಿವರ ಅಳಿಸುತ್ತದೆ; ಅದಕ್ಕೆ ಒಂದು ಸ್ಟಾಪ್ ಕಡಿಮೆ ಇಡುವುದು ಒಳ್ಳೆಯದು. ಟ್ರೈಪಾಡನ್ನು ನಿಂತ ಮನುಷ್ಯನ ತಲೆಗಿಂತ ಎತ್ತರಕ್ಕೆ ಏರಿಸಿ. ಪಾತ್ರಧಾರಿಗೆ ನೋಟಿನ ಹಾರ ಹಾಕಲು ನೆಂಟರು ಸಾಲುಗಟ್ಟಿ ಬರುವುದು ಸರಿಯಾಗಿ ಒಳ್ಳೆಯ ಸಂಭಾಷಣೆಯ ಹೊತ್ತಿಗೇ.

ಫೋನಲ್ಲದೆ ಬೇರೆ ಗತಿ ಇಲ್ಲದಿದ್ದರೆ ಏರೋಪ್ಲೇನ್ ಮೋಡ್ ಹಾಕಿ, ಒಂದು ಕರೆ ಬಂದರೆ ಹಲವು ಫೋನುಗಳಲ್ಲಿ ರೆಕಾರ್ಡಿಂಗ್ ನಿಲ್ಲುತ್ತದೆ. ಪ್ರತಿ ಸೀನಿಗೂ ನಿಲ್ಲಿಸಿ ಮತ್ತೆ ಶುರು ಮಾಡಿ. ಎಂಪಿ4 ಫೈಲಿನ ವಿಷಯಸೂಚಿ ಸಾಮಾನ್ಯವಾಗಿ ಬರೆಯಲ್ಪಡುವುದು ರೆಕಾರ್ಡಿಂಗ್ ನಿಲ್ಲಿಸಿದಾಗ. ಮೂರು ಗಂಟೆ ಒಂದೇ ಫೈಲಿನಲ್ಲಿ ಓಡಿಸಿ ಬ್ಯಾಟರಿ ಸತ್ತರೆ ಮೂರು ಗಂಟೆಯೂ ತೆರೆಯದ ಫೈಲಾಗಿ ಉಳಿಯಬಹುದು.

ಗಟ್ಟಿಮೇಳ

ಚಿತ್ರಕ್ಕಿಂತ ಮೊದಲು ನೋಡುಗರನ್ನು ಓಡಿಸುವುದು ಸದ್ದು. ಮೈಕು ಬಾಯಿಂದ 30 ಸೆಂ.ಮೀ. ದೂರದಲ್ಲಿದ್ದದ್ದು 3 ಮೀಟರಿಗೆ ಹೋದರೆ ದನಿ 20 ಡೆಸಿಬೆಲ್ ಇಳಿಯುತ್ತದೆ, ಸುತ್ತಲಿನ ಗದ್ದಲ ಇಳಿಯುವುದಿಲ್ಲ. ಇದರಲ್ಲಿ ಫೋನೂ ಕ್ಯಾಮೆರಾವೂ ಸಮಾನ ಬಡವರು. ತೋಟದ ವಿಡಿಯೊಗೆ ಸಾವಿರ ರೂಪಾಯಿ ಆಸುಪಾಸಿನ ಬೋಯಾ ಬಿವೈ-ಎಂ1 ಕಾಲರ್ ಮೈಕು ಸಾಕು, 6 ಮೀಟರ್ ವೈರು ಇದೆ. ಅದರ ಡಬ್ಬಿಯ ಮೇಲೊಂದು ಸ್ವಿಚ್ಚಿದೆ: ಫೋನಿಗೆ ಒಂದು ಕಡೆ, ಕ್ಯಾಮೆರಾಗೆ ಇನ್ನೊಂದು ಕಡೆ. ಕ್ಯಾಮೆರಾ ಕಡೆ ತಳ್ಳಿದಾಗ ಒಳಗಿನ ಎಲ್‌ಆರ್44 ಗುಂಡಿ ಬ್ಯಾಟರಿ ಇರಲೇಬೇಕು. ‘ಮೈಕು ಸತ್ತಿದೆ’ ಎಂಬ ದೂರಿನ ಬಹುಪಾಲು ಈ ಸ್ವಿಚ್ಚಿನದ್ದೋ ಬ್ಯಾಟರಿಯದ್ದೋ. ಬಯಲಿನಲ್ಲಿ ಅದರ ಸ್ಪಂಜು ಕಳಚಬೇಡಿ, ಗಾಳಿಯ ಬಡಿತವನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯಲಾರದು.

ಮದುವೆಯಲ್ಲಿ ಪರೀಕ್ಷೆ ಮಾಂಗಲ್ಯಧಾರಣೆಯ ಹೊತ್ತಿಗೆ. ಪುರೋಹಿತರ ಮಂತ್ರಕ್ಕೆಂದು ಫೋನು ತನ್ನಷ್ಟಕ್ಕೆ ಮೈಕಿನ ಮಟ್ಟ ಏರಿಸಿಕೊಂಡಿರುತ್ತದೆ. ‘ಗಟ್ಟಿಮೇಳ’ ಎಂದೊಡನೆ ನಾದಸ್ವರ, ಡೋಲು ಒಟ್ಟಿಗೆ ಎದ್ದು ಸದ್ದು ಒಡೆಯುತ್ತದೆ. ಆಟೊ ಗಾಬರಿಯಾಗಿ ಇಳಿಸುವಷ್ಟರಲ್ಲಿ ತಾಳಿ ಕಟ್ಟಿ ಆಗಿರುತ್ತದೆ. ಮ್ಯಾನುಯಲ್‌ನಲ್ಲಿ ಮಂತ್ರದ ಮಾತು ಮೀಟರಿನಲ್ಲಿ ಮೈನಸ್ 20 ಡೆಸಿಬೆಲ್ಲಿನ ಹತ್ತಿರ ಕುಳಿತರೆ ಗಟ್ಟಿಮೇಳಕ್ಕೆ ಜಾಗ ಉಳಿಯುತ್ತದೆ. ಸೇಫ್ಟಿ ಟ್ರ್ಯಾಕ್ ಇರುವ ವೈರ್‌ಲೆಸ್ ಮೈಕುಗಳು ಅದೇ ಸದ್ದನ್ನು ಇನ್ನೊಂದು ಟ್ರ್ಯಾಕ್‌ನಲ್ಲಿ ಕಡಿಮೆ ಮಟ್ಟದಲ್ಲೂ ಬರೆದಿಡುತ್ತವೆ, 32 ಬಿಟ್ ಫ್ಲೋಟ್ ರೆಕಾರ್ಡರ್‌ಗಳಲ್ಲಿ ಮೇಲಿನ ಮಟ್ಟದ ಚಿಂತೆ ಬಹುತೇಕ ಇಲ್ಲವೇ ಇಲ್ಲ. ವೈರ್‌ಲೆಸ್ ಮೈಕುಗಳ 2.4 ಗಿಗಾಹರ್ಟ್ಸ್ ಅಲೆಗೆ ಮನುಷ್ಯನ ಮೈಯೇ ಗೋಡೆ, ಜೊತೆಗೆ ಛತ್ರದಲ್ಲಿ ನೂರಾರು ಫೋನುಗಳ ವೈಫೈ ಗಲಾಟೆ. ವರನ ಬೆನ್ನಿಗೆ ಟ್ರಾನ್ಸ್‌ಮಿಟರ್ ಸಿಕ್ಕಿಸಿ ಎದುರಿನಿಂದ ಶೂಟ್ ಮಾಡಿದರೆ ದನಿ ತುಂಡಾಗುವುದು ಅದಕ್ಕೇ.

ನಾಟಕಕ್ಕೆ ಮೈಕ್‌ಸೆಟ್‌ನವರ ಮಿಕ್ಸರಿನಿಂದ ವೈರು ಎಳೆಯುವುದಾದರೆ ಅದು ಲೈನ್ ಮಟ್ಟದ ಸದ್ದು, ಮೈಕಿನದಕ್ಕಿಂತ ಬಹಳ ಜೋರು ಎಂಬುದು ಗೊತ್ತಿರಲಿ. ಫೋನಿನ ಅಥವಾ ಕ್ಯಾಮೆರಾದ ಮೈಕ್ ಕಿಂಡಿಗೆ ನೇರ ಚುಚ್ಚಿದರೆ ಗರಗರ ಎನ್ನುತ್ತದೆ, ನಡುವೆ ಅದನ್ನು ತಗ್ಗಿಸುವ ಅಟೆನ್ಯುಯೇಟರ್ ವೈರು ಬೇಕು. ಹಾರ್ಮೋನಿಯಂ ಮೇಷ್ಟ್ರ ಮುಂದಿನ ಮೈಕು ಮಿಕ್ಸರಿನಲ್ಲಿ ಜಾಸ್ತಿಯಿದ್ದರೆ ಪದ್ಯವೆಲ್ಲ ಹಾರ್ಮೋನಿಯಂ ಆಗಿ ಬರುತ್ತದೆ, ಆರಂಭಕ್ಕೆ ಮೊದಲೇ ಅವರ ಹತ್ತಿರ ಮಾತಾಡಿಕೊಳ್ಳಿ.

ಎರಡನ್ನೂ ಬೆರೆಸುವವರಿಗೆ

ಈಗ ಹೆಚ್ಚಿನ ಸ್ಟುಡಿಯೊಗಳು ಎರಡನ್ನೂ ಬಳಸುತ್ತವೆ, ತಂಟೆ ಶುರುವಾಗುವುದು ಎಡಿಟಿಂಗ್ ಟೇಬಲ್ ಮೇಲೆ. ಫೋನಿನ ಫ್ರೇಮ್‌ರೇಟ್ ಸ್ಥಿರವಲ್ಲ, ಕತ್ತಲಾದರೆ ತಾನಾಗಿ ಇಳಿಯುತ್ತದೆ. ಹಾಗಾಗಿ ಅರ್ಧ ಗಂಟೆಯ ಕ್ಲಿಪ್ಪಿನಲ್ಲಿ ತುಟಿಗೂ ದನಿಗೂ ತಾಳ ತಪ್ಪುತ್ತ ಹೋಗಬಹುದು. ಐಫೋನಿನಲ್ಲಿ ಆಟೊ ಎಫ್‌ಪಿಎಸ್ ಆಫ್ ಮಾಡಿ, ಎಡಿಟ್‌ಗೆ ಮೊದಲು ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರಿನಲ್ಲಿ ಸ್ಥಿರ ಫ್ರೇಮ್‌ರೇಟಿಗೆ ತಿರುಗಿಸಿಕೊಳ್ಳಬೇಕು. ಎಚ್‌ಡಿಆರ್ ವಿಡಿಯೊ ಸ್ವಿಚ್ಚನ್ನೂ ಆಫ್ ಮಾಡಿ, ಇಲ್ಲದಿದ್ದರೆ ಸಾಮಾನ್ಯ ಟೈಮ್‌ಲೈನಿನಲ್ಲಿ ಅದು ಬೆಳ್ಳಗೆ ಸುಟ್ಟಂತೆ ಬರುತ್ತದೆ. ಐಫೋನಿಗೆ ಸೆಟ್ಟಿಂಗ್ಸ್‌ನಲ್ಲಿ ಪ್ಯಾಲ್ ಫಾರ್ಮ್ಯಾಟ್ ಆನ್ ಮಾಡಿದರೆ 25 ಫ್ರೇಮ್ ಸಿಗುತ್ತದೆ. ಫೋನು 30 ಮಾತ್ರ ಕೊಡುವುದಾದರೆ ಕ್ಯಾಮೆರಾವನ್ನೇ 30ಕ್ಕೆ ಇಟ್ಟು ಎರಡಕ್ಕೂ 1/50 ಶಟರ್ ಹಾಕಿ. ಐಫೋನು 13 ಪ್ರೊದಿಂದೀಚೆ ಬಂದ ಪ್ರೊರೆಸ್ (ವಿಡಿಯೊವನ್ನು ಬಹಳ ಕಡಿಮೆ ಕುಗ್ಗಿಸಿ ಬರೆಯುವ ವಿಧಾನ) ಆಸೆ ಹುಟ್ಟಿಸುವಂಥದ್ದು, ಆದರೆ 4ಕೆಗೆ ನಿಮಿಷಕ್ಕೆ ಸುಮಾರು 6 ಜಿಬಿ ನುಂಗುತ್ತದೆ. ಮುಹೂರ್ತದ ಒಂದು ಗಂಟೆಗೆ 360 ಜಿಬಿ ಇಟ್ಟುಕೊಂಡು ಯಾವ ಸ್ಟುಡಿಯೊ ಬದುಕೀತು?

ರೀಲ್ಸ್‌ಗೆಂದೇ ಫೋನಿನವರನ್ನು ಬೇರೆ ಕರೆಸಬೇಕೆಂದಿಲ್ಲ. ಕ್ಯಾಮೆರಾದ ಅಡ್ಡ 4ಕೆ ಚಿತ್ರ 3840×2160. ಅದರ ನಡುವಿನಿಂದ ನಿಲುವು ಚೌಕಟ್ಟು ಕತ್ತರಿಸಿದರೆ 1215×2160 ಸಿಗುತ್ತದೆ, ರೀಲ್ಸ್‌ಗೆ ಬೇಕಾದದ್ದು 1080×1920. ಮುಖ್ಯವಾದದ್ದು ಫ್ರೇಮಿನ ನಡುವಿನ ಮೂರನೇ ಒಂದು ಭಾಗದೊಳಗೆ ಇರುವಂತೆ ನೋಡಿಕೊಂಡರಾಯಿತು. 1080ರಲ್ಲೇ ಶೂಟ್ ಮಾಡಿದ್ದರೆ ಮಾತ್ರ ಸಿಗುವುದು 607×1080, ಅದು ಸಾಲದು.

ಮದುವೆ ಮನೆಯವರು ಸ್ಟುಡಿಯೊ ಮಾತಾಡುವಾಗ ಕ್ಯಾಮೆರಾದ ಹೆಸರಿಗಿಂತ ಮುಂಚೆ ಕೇಳಬೇಕಾದದ್ದು ಇವು. ಎರಡು ಕಾರ್ಡಿಗೆ ಒಟ್ಟಿಗೆ ಬರೆಯುವ ಕ್ಯಾಮೆರಾ ಇದೆಯೇ? ಪುರೋಹಿತರಿಗೆ ಮೈಕು ಹಾಕುತ್ತೀರಾ? ಮುಹೂರ್ತಕ್ಕೆ ಬೇರೆ ಲೆನ್ಸು ತರುತ್ತೀರಾ, ಕಿಟ್ ಲೆನ್ಸೇ? ಕೊನೆಗೆ ಪೆನ್‌ಡ್ರೈವ್‌ನಲ್ಲಿ ಕೊಡುವ ಫೈಲು ಮನೆಯ ಟಿವಿಯಲ್ಲಿ ಓಡುತ್ತದೆಯೇ? ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ಎಫ್‌ಎಟಿ32 ಎಂಬ ವಿಧದಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ 4 ಜಿಬಿ ದಾಟಿದ ಫೈಲು ಹೋಗುವುದಿಲ್ಲ, ಎಕ್ಸ್‌ಫ್ಯಾಟ್ ಆದರೆ ಹಳೆಯ ಟಿವಿ ಗುರುತಿಸದಿರಬಹುದು, 10 ಬಿಟ್ ವಿಡಿಯೊ ಆದರೆ ದನಿ ಮಾತ್ರ ಬಂದು ಚಿತ್ರ ಬಾರದಿರಬಹುದು. 1080, ಎಚ್.264, 8 ಬಿಟ್, ತಲಾ ಮುಕ್ಕಾಲು ಗಂಟೆಯ ಭಾಗಗಳು ಎಂದು ಹೇಳಿ ಮಾಡಿಸಿಕೊಂಡರೆ ಅಜ್ಜಿಯ ಮನೆಯ ಟಿವಿಯಲ್ಲೂ ಓಡುತ್ತದೆ. ಮೂಲ 4ಕೆ ಫೈಲುಗಳನ್ನು ಬೇರೊಂದು ಹಾರ್ಡ್‌ಡಿಸ್ಕಿನಲ್ಲಿ ಕೇಳಿ ಇಟ್ಟುಕೊಳ್ಳಿ. ಹೆಚ್ಚಿನ ಸ್ಟುಡಿಯೊಗಳು ಕೆಲವು ತಿಂಗಳಾದ ಮೇಲೆ ಅವನ್ನು ಅಳಿಸುತ್ತವೆ.